ಕನ್ನಡಿಯ ಮೇಲೆ ಉರುಳಿದ ಗುಂಡುಗಳು

ಬೆರಳಿಗೆ ಸೀಸದ ವಾಸನೆ ಹತ್ತಿದರೆ ಈಗಲೂ ನನಗೆ ಚೆಂಬೂರಿನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಸಂಜೆ ಶಾಲೆಯ ಏರ್ ರೈಫಲ್ ತಂಡದ ಕೊನೆಯ ಆಯ್ಕೆಯಿತ್ತು. ಉಳಿದಿದ್ದು ಒಂದೇ ಜಾಗ. ಅದಕ್ಕೆ ನಾನು ಮತ್ತು ಸೋದರಮಾವನ ಮಗ ಸುನೀಲ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದ್ದೆ. ಅಮ್ಮನ ಕನ್ನಡಿಯನ್ನು ಓರೆಯಾಗಿ ಇಟ್ಟು, ಡಬ್ಬಿಯ ಒಂದೊಂದೇ ಸೀಸದ ಗುಂಡನ್ನು ಅದರ ಮೇಲೆ ಉರುಳಿಸುತ್ತಿದ್ದೆ. ಅಂಚು ನೆಗ್ಗಿದ ಗುಂಡು ಕುಂಟುತ್ತ ಉರುಳುತ್ತಿತ್ತು. ಅಂಥದು ಗುರಿಗೆ ನೇರ ಹೋಗದೆಂದು ಬೇರೆ ಇಡುತ್ತಿದ್ದೆ.

"ಗುಂಡು ಹೊಡೀತೀಯೋ, ಅವಕ್ಕ ಜಾರಬಂಡಿ ಆಡಸ್ತೀಯೋ?" ಎಂದು ಸುನೀಲ ನಕ್ಕ.

"ನಗಬ್ಯಾಡೋ, ಆಕಿ ಅಕ್ಕಿನೂ ಹಿಂಗ ಮೂರ್ ಸಲ ಆರಸ್ತಾಳ," ಎಂದಳು ಅಮ್ಮ, ನನ್ನತ್ತ ಕೈ ತೋರಿಸಿ. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ.

ಸಂಜೆ ಆಯ್ಕೆಯಲ್ಲಿ ಸುನೀಲ ತನ್ನ ಡಬ್ಬಿಯಿಂದ ಕೈಗೆ ಸಿಕ್ಕಿದ್ದನ್ನು ತುಂಬಿ ಹೊಡೆದ. ಒಂಬತ್ತು ಗುಂಡು ನಡುವಿಗೇ ಬಿದ್ದವು, ಹತ್ತನೆಯದು ದಾರಿ ತಪ್ಪಿತು. ನನ್ನವು ಹತ್ತಕ್ಕೆ ಹತ್ತೂ ನಾಲ್ಕಾಣೆ ನಾಣ್ಯದಷ್ಟು ಜಾಗದಲ್ಲಿ ಕೂತವು. ತಂಡ ಆರಿಸುತ್ತಿದ್ದ ಸರ್ ನನ್ನ ಹೆಸರು ಕೂಗಿದರು.

ಲೋಕಲ್ ರೈಲು ಹಿಡಿದು ವಾಪಸಾದೆವು. ಮನೆಗೆ ಬಂದವನೇ ಸುನೀಲ ತನ್ನ ಡಬ್ಬಿಯನ್ನು ನನ್ನ ಮುಂದಿಟ್ಟ.

"ನಂದೂ ಒಮ್ಮೆ ಉರುಳಿಸಿ ಕೊಡು," ಎಂದ.

"ಲೈನಿನ್ಯಾಗ ನಿಂದ್ರು," ಎಂದೆ. ಅಲ್ಲಿ ಅವನನ್ನು ಬಿಟ್ಟು ಇನ್ನಾರೂ ಇರಲಿಲ್ಲ. ಆದರೂ ಪಾಪ, ನಿಂತ.