ಒಂದು ಬೆರಳು ಮಡಿಕೆ

ಅರ್ಧ ಎಳೆದಿದ್ದ ಶಟರಿನ ಕೆಳಗೆ ತಲೆ ಬಗ್ಗಿಸಿ ಬೇಕರಿಯವಳು ಟೈಲರ್ ಅಂಗಡಿಗೆ ನುಗ್ಗಿದಳು. ಕೈಯಲ್ಲಿ ಬನ್ನಿನ ಪೊಟ್ಟಣ. ಜಗಳಕ್ಕಾದರೂ ಬರಿಗೈಯಲ್ಲಿ ಹೋಗಬಾರದೆಂದು ಗಂಡನೇ ಕಟ್ಟಿಕೊಟ್ಟಿದ್ದ.

"ಮಗು ಎಲ್ಲಿ?"

ಹೊಲಿಗೆ ಯಂತ್ರದ ಹಿಂದಿನಿಂದ ಟೈಲರ್ ಕನ್ನಡಕದ ಮೇಲಿಂದ ಕಣ್ಣು ಹಾಯಿಸಿದ. "ಒಳಗಿದೆ, ತಾಯಿ. ರಾತ್ರಿಯೆಲ್ಲ ನಿದ್ದೆ ಇಲ್ಲ ಅದಕ್ಕೆ. ಸ್ವಲ್ಪ ಮೆಲ್ಲಗೆ ಮಾತಾಡಿ."

"ಮೆಲ್ಲಗೆ ಮಾತಾಡೋಕೆ ಬಂದಿಲ್ಲ ನಾನು!"

ಆದರೂ ದನಿ ತಾನಾಗಿಯೇ ತಗ್ಗಿತು. ಒಳಗಿದ್ದದ್ದು ಅವಳ ಮೊಗ್ಗು.

ಆ ಹೆಸರಿಟ್ಟವಳೂ ಅವಳೇ. ಅನಾಥಾಲಯಕ್ಕೆ ದಿನವೂ ಬ್ರೆಡ್ಡು ಕೊಡಲು ಹೋದವಳು ಆ ಮಗುವಿನ ತೊಟ್ಟಿಲ ಬಳಿ ಗಳಿಗೆ ಹೊತ್ತು ನಿಲ್ಲುತ್ತಿದ್ದಳು. ಗಳಿಗೆ ಗಂಟೆಯಾಗುತ್ತಿತ್ತು, ಇತ್ತ ಬೇಕರಿಯಲ್ಲಿ ಬನ್ನು ಸೀದುಹೋಗುತ್ತಿತ್ತು. "ಬನ್ನು ಕಪ್ಪಾದಷ್ಟೂ ನಿನ್ನ ಮುಖ ಬೆಳ್ಳಗಾಗ್ತಿದೆ ಕಣೇ," ಎಂದು ಗಂಡ ನಗುತ್ತಿದ್ದ. ಮೊಗ್ಗು ಹಾಲು ಕುಡಿಯುವ ಬೆಡಗೇ ಬೆಡಗು. ಎರಡು ಗುಟುಕು ಹೀರಿ, ಬಾಟಲಿ ಬಿಟ್ಟು, ಉಸಿರೆಳೆದುಕೊಂಡು, ಹಿರಿಯರ ಹಾಗೆ ಏನೋ ಯೋಚಿಸಿ, ಮತ್ತೆ ಎರಡು ಗುಟುಕು. "ಎಷ್ಟು ಬಿಂಕ ನೋಡ್ರೇ ನನ್ನ ಮಗಳಿಗೆ!" ಎಂದು ಆಯಾಗಳನ್ನೆಲ್ಲ ಕರೆದು ತೋರಿಸುತ್ತಿದ್ದಳು.

ಮಗಳು! ಮದುವೆಯಾದಂದಿನಿಂದ ಮಂಡಿ ಸವೆಯುವಂತೆ ಕರ್ತನಲ್ಲಿ ಬೇಡಿದ್ದು ಆ ಒಂದೇ ಮಾತು. ಹೋದ ವಾರ ಚರ್ಚಿನ ಸಭೆಯಲ್ಲಿ ನಾಚಿಕೆ ಬಿಟ್ಟು ಎದ್ದು ನಿಂತು, "ಆ ಕೂಸು ನಮ್ಮ ಮನೆಗೇ ಬರಲಿ ಅಂತ ಎಲ್ಲರೂ ಪ್ರಾರ್ಥನೆ ಮಾಡಿ," ಎಂದು ಕೇಳಿಕೊಂಡಿದ್ದಳು. ಪಾದ್ರಿಗಳಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರೂ ಆಮೆನ್ ಅಂದರು. ಹಿಂದಿನ ಬೆಂಚಿನಲ್ಲಿದ್ದ ಟೈಲರ್ ಮತ್ತು ಅವನ ಹೆಂಡತಿ ಮಾತ್ರ ಬಗ್ಗಿಸಿದ ತಲೆ ಎತ್ತಲಿಲ್ಲ.

ಯಾಕೆಂದು ನಿನ್ನೆ ಗೊತ್ತಾಯಿತು. ತೊಟ್ಟಿಲು ಖಾಲಿ. ಅನಾಥಾಲಯ ನಡೆಸುವ ದೊಡ್ಡಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. "ನಿನಗೆ ಮಗು ಕೊಟ್ಟೇ ಕೊಡ್ತೀನಿ. ಆದರೆ ಅದನ್ನಲ್ಲ. ಅದನ್ನ ಟೈಲರ್ ಮನೆಗೆ ಕಳಿಸಿದೀನಿ. ಕಾರಣ ಕೇಳಬೇಡ. ಗೊತ್ತಾದ್ರೆ ನೀನು ಇನ್ನೂ ಹಟ ಹಿಡೀತೀಯ."

ಟೈಲರ್ ಮನೆಗೆ! ಆ ಮನೆಗೆ ಹಿಂದೆಯೂ ಮಕ್ಕಳು ಹೋಗಿದ್ದವು. ಹೋಗಿದ್ದನ್ನು ಕಂಡವರುಂಟು, ಆಮೇಲೆ ಆ ಮಕ್ಕಳನ್ನು ಕಂಡವರಿಲ್ಲ. ಎದುರು ಸಾಲಿನ ಇಸ್ತ್ರಿಯವಳು ಕಿವಿಯಲ್ಲಿ ಊದಿದ್ದಳು: "ಬೆಳಕು ಹರಿಯೋ ಮುಂಚೆ ಹೊಸ ಬಟ್ಟೆ ತೊಡಿಸಿ ಎತ್ಕೊಂಡು ಹೋಗ್ತಾನೆ, ಮಧ್ಯಾಹ್ನ ಕೈ ಬೀಸ್ಕೊಂಡು ಬರ್ತಾನೆ. ಯಾರಿಗೆ ಮಾರಿದನೋ, ಆ ದೇವರೇ ಬಲ್ಲ. ನಾನಂತೂ ಒಬ್ಬರ ವಿಷಯಕ್ಕೆ ಹೋಗೋಳಲ್ಲಪ್ಪ."

ಒಳಗಿನಿಂದ ಟೈಲರ್ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಮೊಗ್ಗಿನ ತುಟಿ ನೀಲಿಗಟ್ಟಿತ್ತು.

"ಅಯ್ಯೋ, ಚಳಿಗೆ ತುಟಿ ನೋಡಿ ಹೇಗಾಗಿದೆ! ಒಂದು ಸ್ವೆಟರಿಗೂ ಗತಿ ಇಲ್ವಾ ಈ ಮನೇಲಿ? ಕೊಡಿ ಇಲ್ಲಿ!"

ಕಿತ್ತುಕೊಳ್ಳಲೆಂದೇ ಕೈ ಚಾಚಿದ್ದಳು. ಕಿತ್ತುಕೊಳ್ಳಬೇಕಾಗಲಿಲ್ಲ. ಟೈಲರ್ ಹೆಂಡತಿ ತಾನೇ ಮಗುವನ್ನು ಅವಳ ತೋಳಿಗಿಟ್ಟಳು.

"ಎತ್ಕೊಳ್ಳಮ್ಮ. ನಿನ್ನ ದನಿ ಕೇಳಿ ಕಣ್ಣು ಬಿಡ್ತು ನೋಡು. ಇರೋಷ್ಟು ಹೊತ್ತು ಎತ್ಕೊಂಡಿರು."

ಮೊಗ್ಗು ಅವಳ ಬೆರಳು ಹಿಡಿಯಿತು. ಹಿಡಿತದಲ್ಲಿ ಬಲವೇ ಇರಲಿಲ್ಲ. ಬೇಕರಿಯವಳು ಮಗುವನ್ನು ಎದೆಗವಚಿಕೊಂಡಳು.

"ಮುಂಚೆ ತಂದ ಮಕ್ಕಳೆಲ್ಲಿ, ಅಕ್ಕ?"

"ಇಲ್ಲೇ ಹತ್ತಿರದಲ್ಲಿದ್ದಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಹೋಗಿ ಮಾತಾಡಿಸ್ಕೊಂಡು ಬರ್ತೀವಿ."

ಎಷ್ಟು ಧೈರ್ಯ! ಮಾರಿದ ಮಕ್ಕಳನ್ನು ನೋಡಲು ಬೇರೆ ಹೋಗುತ್ತಾರಂತೆ! ಅವಳ ಕಣ್ಣು ಆಗ ಯಂತ್ರದ ಮೇಲಿದ್ದ ಪುಟ್ಟ ಬಿಳಿ ಫ್ರಾಕಿನ ಮೇಲೆ ಬಿತ್ತು. ಒಂದೇ ಕೈಯಲ್ಲಿ ಅದರ ಅಂಚು ತಿರುವಿ ನೋಡಿದಳು.

ಮಡಿಕೆ ಇರಲಿಲ್ಲ.

ಬೆಳೆಯುವ ಮಗುವಿನ ಬಟ್ಟೆಗೆ ಒಳಗೆ ಮಡಿಕೆ ಬಿಡದ ಟೈಲರ್ ಉಂಟೇ? ಮಗು ಎತ್ತರವಾದ ಹಾಗೆ ಹೊಲಿಗೆ ಬಿಚ್ಚಿ ಇಳಿಸಬೇಕು. ಗೋಡೆಗೆ ತೂಗುಹಾಕಿದ್ದ ಗಿರಾಕಿಗಳ ಫ್ರಾಕುಗಳಿಗೆಲ್ಲ ದಪ್ಪ ದಪ್ಪ ಮಡಿಕೆ. ಇದೊಂದಕ್ಕೆ ಇಲ್ಲ. ಇನ್ನೇನು ಸಾಕ್ಷಿ ಬೇಕು? ಇವರಿಗೆ ಮಗುವನ್ನು ಇಟ್ಟುಕೊಳ್ಳುವ ಮನಸ್ಸೇ ಇಲ್ಲ!

"ಊರ ಮಕ್ಕಳಿಗೆಲ್ಲ ಧಾರಾಳವಾಗಿ ಬಿಡ್ತೀರಿ. ನನ್ನ ಮೊಗ್ಗಿನ ಫ್ರಾಕಿಗೆ ಒಂದು ಬೆರಳು ಮಡಿಕೆ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು, ಟೈಲರಣ್ಣ? ನಿಮಗೆ ಬೇಡದಿದ್ರೆ ನನಗೆ ಕೊಡಿ. ನಾನು ಸಾಕ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ."

ಟೈಲರ್ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಮೊದಲನೇ ಮಗೂಗೆ ಬಿಟ್ಟಿದ್ದೆ, ತಾಯಿ. ನಾಲ್ಕು ಬೆರಳು ಬಿಟ್ಟಿದ್ದೆ. ಬಿಚ್ಚೋ ದಿನ ಬರಲಿಲ್ಲ."

ಬೇಕರಿಯವಳು ಟೈಲರನ ಮುಖ ಬಿಟ್ಟು ಅವನ ಹೆಂಡತಿಯ ಮುಖ ನೋಡಿದಳು. ತೋಳಿನಲ್ಲಿ ಮೊಗ್ಗು ಎರಡು ಸಲ ಉಸಿರೆಳೆದು, ನಿಂತು, ಹಿರಿಯರ ಹಾಗೆ ಏನೋ ಯೋಚಿಸಿ, ಮತ್ತೆ ಉಸಿರೆಳೆಯಿತು.

"ಡಾಕ್ಟರು ಕೈಬಿಟ್ಟ ಮಕ್ಕಳನ್ನ ಮಾತ್ರ ನಾವು ಕೇಳಿ ತರೋದು ಕಣಮ್ಮ," ಎಂದಳು ಟೈಲರ್ ಹೆಂಡತಿ, ಮಗುವಿನ ಪಾದಕ್ಕೆ ಸೆರಗು ಮುಚ್ಚುತ್ತ. "ಅಪ್ಪ-ಅಮ್ಮ ಇಲ್ಲದೆ ಬಂದಿದ್ದೇ ಸಾಕು, ಅಪ್ಪ-ಅಮ್ಮ ಇಲ್ಲದೆ ಹೋಗೋದು ಬೇಡ ಅಂತ."