ಕ್ವಿಂಟಾಲಿಗೆ ಎರಡು ಕಿಲೋ

"ಒಂದೇ ಒಂದು ಸಾಲು ಸೇರಿಸಿಬಿಡವ್ವಾ, ಮುಗೀತು," ಎಂದು ಮಿಲ್ಲಿನ ಮಾಲೀಕ ಮಲ್ಲಿಕಾರ್ಜುನಪ್ಪ ಆಫೀಸಿನ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಚೀಟಿಯಾಗೆ ಕ್ವಿಂಟಾಲಿಗೆ ಎರಡು ಕಿಲೋ ಕಮ್ಮಿ ಬರಂಗೆ. ಕಂಪ್ಯೂಟರ್ ಹೇಳ್ತು ಅಂದ್ರೆ ಯಾರು ಕೇಳ್ತಾರೆ?"

ಮಂಗಳಗೌರಿಯ ಕೈ ಕೀಬೋರ್ಡಿನ ಮೇಲೇ ನಿಂತಿತು. ಚಳ್ಳಕೆರೆಯ ಈ ಎಣ್ಣೆ ಮಿಲ್ಲಿನಲ್ಲಿ ಗಾಡಿ ತೂಗುವ ವೇಬ್ರಿಡ್ಜಿಗೆ ಅವಳು ಬರೆದ ಪ್ರೋಗ್ರಾಂ ಬೆಳಿಗ್ಗೆಯಷ್ಟೇ ಮೊದಲ ಸಲ ಸರಿಯಾಗಿ ಓಡಿತ್ತು. ಶೇಂಗಾ ತುಂಬಿದ ಗಾಡಿ ಹತ್ತಿದರೆ ಒಂದು ತೂಕ, ಖಾಲಿ ಮಾಡಿ ಬಂದರೆ ಇನ್ನೊಂದು. ಕಳೆದು ಉಳಿದದ್ದು ಚೀಟಿಯಲ್ಲಿ ಅಚ್ಚಾಗಿ ಹೊರಬಂದಾಗ ಅವಳಿಗೆ ಕುಣಿಯಬೇಕೆನಿಸಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ ಮೇಲೆ ಇಷ್ಟು ದಿನ ಅವಳಿಗೆ ಸಿಕ್ಕಿದ್ದು ಬರೀ ಲಗ್ನಪತ್ರಿಕೆ ಟೈಪು ಮಾಡುವ ಕೆಲಸ, ಅದೂ ಕರೆಂಟು ಇದ್ದಾಗ. "ಚಳ್ಳಕೆರ್ಯಾಗೆ ಪ್ರೋಗ್ರಾಂ ಯಾರಿಗೆ ಬೇಕವ್ವಾ? ಎಲ್ಲಾರಂಗೆ ಬೆಂಗ್ಳೂರಿಗೆ ಹೋಗು," ಎನ್ನುತ್ತಿದ್ದ ಮೊಳಕಾಲ್ಮೂರಿನ ಅಪ್ಪನಿಗೆ, ಮೊದಲ ಗಿರಾಕಿ ಸಿಕ್ಕ ಸುದ್ದಿಯನ್ನು ಎಸ್‌ಟಿಡಿ ಬೂತಿನಿಂದ ಕೂಗಿ ಹೇಳಿದ್ದಳು. ಇಲ್ಲಿ ಸರಿಹೋದರೆ ಇನ್ನೆರಡು ಮಿಲ್ಲಿನವರು ಬರುವವರಿದ್ದರು.

"ಅದು ಆಗಲ್ಲ ಸಾವ್ಕಾರ್ರೇ."

"ಯಾಕೆ, ಬರೆಯಾಕೆ ಬರಲ್ವಾ?"

"ಬರುತ್ತೆ. ಬರೆಯಲ್ಲ."

ಮಲ್ಲಿಕಾರ್ಜುನಪ್ಪನಿಗೆ ಸಿಟ್ಟೇನೂ ಬರಲಿಲ್ಲ. ಮಗುವಿಗೆ ತಿಳಿಹೇಳುವವರಂತೆ ನಕ್ಕರು. "ತಕ್ಕಡಿ ಇದ್ದಾಗ ನಮ್ಮ ಹಮಾಲ ಕಾಲ್ಬೆರಳಾಗೆ ಮಾಡ್ತಿದ್ದ ಕೆಲಸ ತಾಯೀ ಇದು. ನಾನೇನು ಹೊಸದು ಕೇಳಿದ್ನಾ? ನೀನು ಒಲ್ಲೆ ಅಂದ್ರೆ ದಾವಣಗೆರ್ಯಾಗೆ ಬರೆಯೋ ಹುಡುಗ್ರು ಬೇಕಾದಷ್ಟು ಐದಾರೆ."

ಅವಳು ತನ್ನ ಪ್ರೋಗ್ರಾಮಿನ ಫ್ಲಾಪಿ ತೆಗೆದು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ತಳಕು ಊರಿನ ರೈತ ಚಿತ್ತಪ್ಪ ತನ್ನ ಶೇಂಗಾ ಮೂಟೆಗಳ ಮೇಲೆ ಕೂತು ಬೀಡಿ ಸೇದುತ್ತಿದ್ದ. "ಏನವ್ವಾ, ಇನ್ಮ್ಯಾಲೆ ಕಂಪ್ಯೂಟರ್ ತೂಕ ಅಂತೆ? ಹಂಗಾರೆ ಮೋಸ ಇರಾಕಿಲ್ಲ ಅನ್ನು!"

"ಇನ್ನೂ ಮುಗಿದಿಲ್ಲ ಕಣಜ್ಜ," ಎಂದಷ್ಟೇ ಹೇಳಿ ಅವಳು ಬಿರಬಿರನೆ ನಡೆದಳು. ಆ ಮುದುಕನ ಮುಖ ನೋಡಲು ಅವಳಿಂದಾಗಲಿಲ್ಲ.

ಮತ್ತೆ ಲಗ್ನಪತ್ರಿಕೆಗಳೇ ಗತಿಯಾದವು. "ಆ ಹುಡುಗಿ ಹೇಳಿದಂಗೆ ಕೇಳಲ್ಲ" ಎಂಬ ಮಾತು ಬಜಾರಿನಲ್ಲಿ ಹಬ್ಬಿ, ಬರುತ್ತೇವೆಂದಿದ್ದ ಮಿಲ್ಲಿನವರೂ ಬರಲಿಲ್ಲ. 'ಅಪ್ಪ ಹೇಳಿದ್ದೇ ಸರಿಯೇನೋ' ಎಂದು ಅವಳು ಬೆಂಗಳೂರಿನ ಕಂಪನಿಗಳ ವಿಳಾಸ ಹುಡುಕುವಷ್ಟರ ಮಟ್ಟಿಗೆ ಸೋತಿದ್ದಳು. ಅಂಥ ಒಂದು ಮಧ್ಯಾಹ್ನ ಮಲ್ಲಿಕಾರ್ಜುನಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕುಸಿದರು.

"ಆ ದಾವಣಗೆರೆ ಹುಡುಗ ಕೈ ಕೊಟ್ಟ ಕಣವ್ವಾ."

"ಏನ್ ಮಾಡ್ದ?"

"ನಾವು ಹಿಂಡಿ ತುಂಬಿ ಕಳಿಸ್ತೀವಲ್ಲ, ಆ ಲಾರಿಗೂ ಕ್ವಿಂಟಾಲಿಗೆ ಎರಡು ಕಿಲೋ ಹೊಡೆದೈತೆ ಅವನ ಪ್ರೋಗ್ರಾಂ! ಬರೋ ಗಾಡಿ ಯಾವುದು, ಹೋಗೋ ಗಾಡಿ ಯಾವುದು, ಅದಕ್ಕೆ ಗೊತ್ತೇ ಇಲ್ಲ. ಕಳಿಸಿದ್ದು ಜಾಸ್ತಿ, ಬಿಲ್ಲು ಹಾಕಿದ್ದು ಕಮ್ಮಿ. ಮೊನ್ನೆ ಹೊಸಪೇಟೆ ವ್ಯಾಪಾರಿ ಫೋನ್ ಮಾಡಿ, 'ಸಾವ್ಕಾರ್ರೇ, ಈ ಸೀಮೆಯಾಗೆ ನಿಮ್ಮಷ್ಟು ಧರ್ಮದ ತೂಕ ಯಾರದೂ ಇಲ್ಲ' ಅಂತ ಹೊಗಳಿದ. ಆಗ್ಲೇ ನನಗೆ ಅನುಮಾನ ಬಂತು."

ಮಂಗಳಗೌರಿ ತುಟಿ ಕಚ್ಚಿ ಹಿಡಿದಳು. ಆಗಲಿಲ್ಲ, ಕಿಸಕ್ಕನೆ ನಕ್ಕೇಬಿಟ್ಟಳು. ದುರುಗುಟ್ಟಿ ನೋಡಲು ಹೊರಟ ಮಲ್ಲಿಕಾರ್ಜುನಪ್ಪನ ಹೊಟ್ಟೆಯೂ ಕುಲುಕತೊಡಗಿತು.

"ಅವನನ್ನೇ ಕರೆಸಿ ಸರಿಮಾಡಿಸಬಾರ್ದಾ?"

"ಬೆಂಗ್ಳೂರಾಗೆ ಕೆಲಸ ಸಿಕ್ತಂತೆ, ಫೋನೇ ಎತ್ತಲ್ಲ." ಅವರು ಕಿವಿ ತುರಿಸಿಕೊಂಡರು. "ಬರೋ ಗಾಡಿಗೆ ಮಾತ್ರ ಹೊಡೆಯಂಗೆ ನೀನೇ ಒಂಚೂರು..." ಎಂದವರು ಅವಳ ಮುಖ ಕಂಡು ಅಲ್ಲೇ ನಿಲ್ಲಿಸಿದರು. "ಬ್ಯಾಡ ಬಿಡು. ನಿಂದೇ ಹಾಕು. ಲಾರಿ ಹೋದಾಗೆಲ್ಲ ಎದೆ ಧಸಕ್ ಅಂತೈತೆ ನಂಗೆ."

"ಹಾಕ್ತೀನಿ. ಆದ್ರೆ ತೂಕ ತೋರ್ಸೋ ಆ ಅಂಕಿ ಬೋರ್ಡು ನಿಮ್ಮ ಆಫೀಸಿನೊಳಗೆ ಇರಬಾರ್ದು. ಹೊರಗಡೆ, ಗಾಡಿಯೋರಿಗೆಲ್ಲ ಕಾಣೋ ಹಂಗೆ ಹಾಕಿಸ್ಬೇಕು."

"ಅದೂ ಪ್ರೋಗ್ರಾಮಿಗೆ ಸೇರ್ತೈತಾ?"

"ನನ್ನ ಪ್ರೋಗ್ರಾಮಿಗೆ ಸೇರ್ತೈತೆ."

ಸಂತೆಯ ದಿನ ಬೋರ್ಡು ಗೋಡೆಯ ಹೊರಗೆ ಬಂತು. ಕೆಂಪಗೆ ಉರಿಯುವ ಅಂಗೈಯಗಲದ ಅಂಕಿಗಳು. ಮೊದಲು ಹತ್ತಿದ್ದು ಚಿತ್ತಪ್ಪನ ಗಾಡಿ. ಅಂಕಿ ಓದಲು ಚಿತ್ತಪ್ಪ ಮೂಟೆಗಳ ಮೇಲಿನಿಂದ ಕೆಳಗಿಳಿದು ವೇಬ್ರಿಡ್ಜಿನ ಹಲಗೆ ದಾಟಿ ನಿಂತ. ಅವನು ನೋಡುತ್ತಿದ್ದಂತೆಯೇ ಅಂಕಿ ಸರಕ್ಕನೆ ಇಳಿಯಿತು. ಗಾಬರಿಯಿಂದ ಓಡಿ ಮತ್ತೆ ಹತ್ತಿದ, ಅಂಕಿಯೂ ಏರಿತು. ಇಳಿದ, ಇಳಿಯಿತು. ಆಫೀಸಿನ ಕಿಟಕಿಯಲ್ಲಿ ಮಂಗಳಗೌರಿ ಅಂಕಿ ನಿಲ್ಲುವುದನ್ನೇ ಕಾಯುತ್ತ, ನಗು ತಡೆದು ಕೂತಿದ್ದಳು.

"ಏ ಚಿತ್ತಪ್ಪ, ಹತ್ತು ಇಲ್ಲಾ ಇಳಿ! ಹೊತ್ತಾಗ್ತೈತೆ," ಎಂದು ಹಿಂದಿನ ಟ್ರ್ಯಾಕ್ಟರಿನಿಂದ ಪಾಲಣ್ಣ ಕೂಗಿದ.

ಚಿತ್ತಪ್ಪ ಮತ್ತೊಮ್ಮೆ ಮೂಟೆಗಳನ್ನೇರಿ, ರುಮಾಲು ಸರಿಮಾಡಿಕೊಂಡು, ಬೋರ್ಡಿನ ಕಡೆಗೆ ಎದೆಯುಬ್ಬಿಸಿ ನಿಂತ.

"ತಡಿಯಲೇ ಪಾಲಣ್ಣ! ಇಷ್ಟು ವರ್ಷ ಈ ಮಿಲ್ಲಿಗೆ ಶೇಂಗಾ ಹೊತ್ತೀನಿ, ಇವತ್ತೇ ಕಣಲೇ ನಾನು ಲೆಕ್ಕಕ್ಕೆ ಬಂದಿರೋದು!"