ಬಿಳಿ ಹೊಲಿಗೆಯ ಹೆಡ್‌ಫೋನ್

ಅಂಗೈ ಒತ್ತಿದರೆ ಡ್ರಮ್ಮು ಕೇಳುತ್ತಿತ್ತು, ತೆಗೆದರೆ ಮಾಯ. ಅವಳು ಮತ್ತೊಮ್ಮೆ ಒತ್ತಿದಳು. ಹೆಡ್‌ಫೋನಿನ ಎರಡೂ ಮೆತ್ತೆಗಳ ಮೇಲೆ, ಚರ್ಮಕ್ಕೆ ಹಾಕಿದ ಬಿಳಿ ಹೊಲಿಗೆ ಪೂರ್ತಿ ಮುಚ್ಚುವಂತೆ. ಹಾಡಿನ ತಳದಿಂದ ಧಿಮ್ ಧಿಮ್ ಎಂದು ಡ್ರಮ್ಮು ಎದ್ದು ಬಂತು. ಕೈ ಬಿಟ್ಟಳು. ಹಾಡು ತಗಡಿನ ಡಬ್ಬಿಯೊಳಗೆ ಬಿದ್ದಂತಾಯಿತು. ವಾರಗಟ್ಟಲೆ ಹುಡುಕಿದ ಕಳ್ಳ ಕೊನೆಗೂ ಸಿಕ್ಕಿದ್ದ. ಅವಳಿಗೆ ಅರ್ಧ ಖುಷಿ. ಇನ್ನರ್ಧ, ಆ ಹೊಲಿಗೆ ಯಾರದೆಂಬ ಭಯ.

ಅದು ಚಿಕ್ಕಮ್ಮನ ಹೊಲಿಗೆ. ಇಬ್ಬರೂ ಕೆಲಸ ಮಾಡುವ ಕೈಚೀಲದ ಕಂಪನಿ ಹೆಸರು ಮಾಡಿದ್ದೇ ಆ ಓರೆ ಬಿಳಿ ಹೊಲಿಗೆಯಿಂದ. ಅಲ್ಲಿ ಮೊದಲ ಸಲ ಹೆಡ್‌ಫೋನ್ ಮಾಡಲು ಹೊರಟಾಗ, ಸೌಂಡಿನ ಕೆಲಸಕ್ಕೆ ಅಕ್ಕನ ಮಗಳಾದ ಇವಳನ್ನು ಕರೆತಂದವಳೂ ಚಿಕ್ಕಮ್ಮನೇ. ಊಟದ ಹೊತ್ತಿಗೆ ಯಜಮಾನರು ಬಂದು ಕೇಳಿ ನೋಡುವವರಿದ್ದರು. ಈ ತಗಡಿನ ದನಿಯೇ ಇದ್ದರೆ, ಚೆಂದ ಕಂಡು ಖರೀದಿಸುವವರಿಗೆ ಇಷ್ಟು ಸಾಕು ಎಂದು ಹಾಗೆಯೇ ಅಂಗಡಿಗೆ ಕಳಿಸಿಬಿಡುತ್ತಿದ್ದರು. ಅವಳು ತಿಂಗಳುಗಟ್ಟಲೆ ತಿದ್ದಿ ತೀಡಿದ ದನಿ ಯಾರ ಕಿವಿಗೂ ತಲುಪುತ್ತಿರಲಿಲ್ಲ.

ಅವಳು ಹೆಡ್‌ಫೋನ್ ಹಿಡಿದುಕೊಂಡು ಹೊಲಿಗೆ ಕೋಣೆಗೆ ಓಡಿದಳು. ಕಿಟಕಿ ಪಕ್ಕದ ಬೆಂಚಿನಲ್ಲಿ ಚಿಕ್ಕಮ್ಮ ಚೀಲವೊಂದನ್ನು ಮಂಡಿಗಳ ನಡುವೆ ಬಿಗಿಹಿಡಿದು ಎರಡು ಸೂಜಿಗಳಲ್ಲಿ ಹೊಲಿಯುತ್ತಿದ್ದಳು.

“ಬಂದ್ಲು ನೋಡಿ ಸೌಂಡು,” ಎಂದ ಪಕ್ಕದ ಬೆಂಚಿನವನು. ಪಿಸುದನಿಯಲ್ಲಿ ಮಾತಾಡುವವಳಿಗೆ ಅವರೆಲ್ಲ ಸೇರಿ ಇಟ್ಟ ಹೆಸರು ಅದು.

“ಚಿಕ್ಕಮ್ಮ, ಸಿಕ್ತು. ಗಾಳಿ ಸೋರ್ತಾ ಇದೆ. ಮೆತ್ತೆ ಒಳಗೆ ಗಾಳಿ ಕಟ್ಕೊಂಡಿದ್ರೇನೇ ಡ್ರಮ್ಮು ಕೇಳೋದು. ಸೂಜಿ ತೂತಿಂದ ಎಲ್ಲಾ ಹೋಗ್ತಿದೆ.”

“ಯಾರ ಸೂಜಿ?”

ಬರುವ ದಾರಿಯುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡಿದ್ದಳು. ಒಂದೂ ನೆನಪಾಗಲಿಲ್ಲ. “ನಿಂದು,” ಎಂದಳು.

“ಇಷ್ಟು ವರ್ಷದಲ್ಲಿ ನನ್ನ ಹೊಲಿಗೆ ಬಿಟ್ಕೊಂಡಿದೆ ಅಂತ ಒಂದು ಬ್ಯಾಗ್ ವಾಪಸ್ ಬಂದಿಲ್ಲ. ನಿನ್ನ ಡಬ್ಬಾ ಹಾಡಿಗೆ ನನ್ನ ಸೂಜಿನೇ ಸಿಕ್ತಾ?”

“ಹೊಲಿಗೇದೇನೂ ತಪ್ಪಿಲ್ಲ ಚಿಕ್ಕಮ್ಮ. ಬ್ಯಾಗಲ್ಲಿ ಪರ್ಸು ಇಡ್ತಾರೆ, ಗಾಳಿ ಇಡಲ್ಲ. ನೋಡು, ಅಂಗೈ ಮುಚ್ಚಿದ್ರೆ ಎಲ್ಲಾ ಸರಿಹೋಗತ್ತೆ.”

“ಸರಿ ಹಾಗಾದ್ರೆ. ಕೊಂಡವರಿಗೆಲ್ಲ ಅಂಗೈ ಇಟ್ಕೊಂಡೇ ಕೇಳಿ ಅಂತ ಹೇಳು.”

ಪಕ್ಕದ ಬೆಂಚಿನವನು ಕಿಸಕ್ಕೆಂದ. ಅಕ್ಕನ ಮಗಳು ಅಲ್ಲಿಂದ ಕದಲಲಿಲ್ಲ. ಚಿಕ್ಕಮ್ಮ ಒಂದೆರಡು ಹೊಲಿಗೆ ಹಾಕಿ ಸೂಜಿಗಳನ್ನು ಚುಚ್ಚಿಟ್ಟು ಕೈ ಚಾಚಿದಳು. “ಕೊಡಿಲ್ಲಿ.” ಮೆತ್ತೆಯೊಂದನ್ನು ಕಳಚಿ, ಹೊಲಿಗೆಗೆ ತುಟಿ ಹಚ್ಚಿ ಊದಿದಳು. ಹಿಂಬದಿಗೆ ಬೆರಳಿಟ್ಟು ಮತ್ತೆ ಊದಿದಳು. ಬೆರಳು ಸರಿಸಿ ಇನ್ನೊಂದು ಸಲ. ಎಲ್ಲಿಟ್ಟರೂ ಬೆರಳಿಗೆ ಗಾಳಿ ತಾಗಿ ಅವಳ ಮುಖ ಬದಲಾಯಿತು.

ಬೆಂಚಿನ ಖಾನೆಯಿಂದ ಅವಳು ತೆಗೆದದ್ದು ಕಪ್ಪು ದಾರಕ್ಕೆ ಉಜ್ಜುವ ಜೇನುಮೇಣದ ಉಂಡೆ. ಬಿಳಿ ದಾರಕ್ಕೆ ಅದನ್ನು ಯಾರೂ ಸೋಕಿಸುತ್ತಿರಲಿಲ್ಲ. ಮೇಣ ಹಿಡಿದರೆ ಬಿಳುಪು ಹೋಗಿ, ದಾರ ಚರ್ಮದ ಬಣ್ಣಕ್ಕೇ ತಿರುಗುತ್ತದೆ.

“ಬೇಡ ಚಿಕ್ಕಮ್ಮ, ನಿನ್ನ ಹೊಲಿಗೆ ಕಾಣಿಸೋದೇ ಇಲ್ಲ ಆಮೇಲೆ. ಯಜಮಾನರು ಬಿಳಿ ಹೊಲಿಗೆ ಎಲ್ಲಿ ಅಂದ್ರೆ?”

“ಕಿವಿಗೆ ಹಾಕ್ಕೊಂಡು ಹುಡುಕಿ ಅಂತೀನಿ. ಸುಮ್ನಿರೆ.”

ಹೆಬ್ಬೆರಳಿನ ಬಿಸಿಗೆ ಮೇಣ ಕರಗಿ ಒಂದೊಂದೇ ತೂತಿಗೆ ಇಳಿಯಿತು. ಬೆರಳು ಹಾದಲ್ಲೆಲ್ಲ ಬಿಳಿ ಆರುತ್ತ ಹೋಯಿತು. ಒಂದು ಮೆತ್ತೆ ಮುಗಿದದ್ದೇ ಅದನ್ನು ಕೂಡಿಸಿ, ಹೆಡ್‌ಫೋನನ್ನು ತಾನೇ ತಲೆಗೆ ಏರಿಸಿಕೊಂಡಳು. “ಹಾಕು ನಿನ್ನ ಹಾಡು.”

ಹಾಡು ಶುರುವಾಯಿತು. ಚಿಕ್ಕಮ್ಮ ಥಟ್ಟನೆ ಎಡಕ್ಕೆ ತಿರುಗಿದಳು, ಯಾರೋ ಹಿಂದೆ ಬಂದು ನಿಂತಂತೆ. ಅಲ್ಲಿ ಯಾರೂ ಇರಲಿಲ್ಲ. ಹುಬ್ಬು ಗಂಟಿಕ್ಕಿ, ಹೆಡ್‌ಫೋನನ್ನು ಹಿಂದುಮುಂದು ತಿರುಗಿಸಿ ಹಾಕಿಕೊಂಡಳು. ಈಗ ಅವಳ ತಲೆ ಬಲಕ್ಕೆ ವಾಲಿತು. ಮತ್ತೆ ಅದಲು ಬದಲು ಮಾಡಿದಳು. ಡ್ರಮ್ಮು ಮೇಣ ಹಚ್ಚಿದ ಮೆತ್ತೆಯ ಹಿಂದೆಯೇ ಓಡಾಡುತ್ತಿತ್ತು. ಚಿಕ್ಕಮ್ಮನ ಬಾಯಿ ತೆರೆದುಕೊಂಡಿತು, ಪಾದ ತಂತಾನೇ ನೆಲ ತಟ್ಟತೊಡಗಿತು.

“ಇದರೊಳಗೆ ಇಷ್ಟೊಂದು ಇತ್ತೇನೇ?” ಹಾಡಿನ ಮೇಲೆ ತನ್ನ ದನಿ ತನಗೇ ಕೇಳದೆ ಅವಳು ಕೂಗಿಯೇ ಕೇಳಿದಳು. ಇಡೀ ಕೋಣೆಯ ಸೂಜಿಗಳು ನಿಂತವು. “ಇದನ್ನ ಸೋರಿಸಿ ಮಾರೋಕೆ ಹೊರಟಿದ್ವಾ ನಾವು?”

“ಇತ್ತು ಚಿಕ್ಕಮ್ಮ,” ಎಂದು ಸೌಂಡು ಕೂಡ ಕೂಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಮೊದಲಿಂದ್ಲೂ ಇತ್ತು.”

“ನಂಗೂ ಒಂಚೂರು ಕೊಡ್ರಮ್ಮ,” ಎಂದು ಪಕ್ಕದ ಬೆಂಚಿನವನು ಎದ್ದೇ ಬಂದ. ಆಗಲೇ ಮೆಟ್ಟಿಲ ಮೇಲೆ ಯಜಮಾನರ ಬೂಟಿನ ಸದ್ದು ಕೇಳಿಸಿತು.

ಚಿಕ್ಕಮ್ಮ ಹೆಡ್‌ಫೋನ್ ತೆಗೆದಳು. ಮೇಣ ತಾಗದ ಮೆತ್ತೆಯನ್ನು ಬೆಳಕಿಗೆ ಹಿಡಿದು, ಬಿಳಿ ಹೊಲಿಗೆಯ ಮೇಲೆ ಉಗುರಿನ ತುದಿಯಿಂದ ಒಂದು ಸುತ್ತು ಬಂದಳು. ಆಮೇಲೆ ಮೇಣದ ಉಂಡೆಯನ್ನು ಅಕ್ಕನ ಮಗಳ ಅಂಗೈಗೆ ಹಾಕಿ, ಕಿಟಕಿಯ ಕಡೆ ತಿರುಗಿ ಕುಳಿತಳು.

“ಇನ್ನೊಂದಕ್ಕೆ ನೀನೇ ಹಚ್ಚು ಕಣೇ. ನನ್ನ ಕೈಲಿ ಆಗಲ್ಲ.”